ಗಾಳಿ ಬೀಸದ ವರ್ಷದ ಲಾಭ

ಮಗಳೇ, ಆ ಕೇಮನ್ ದ್ವೀಪದ ಪುಟ್ಟ ಮರುವಿಮಾ ಕಂಪನಿಯಲ್ಲಿ ದುಡ್ಡು ಹಾಕಬಹುದಾ ಎಂದು ಕೇಳಿದ್ದೀಯ. ಶೇರು ಕೊಳ್ಳಲಾ, ಟೋಕನ್ ಕೊಳ್ಳಲಾ ಎಂದೂ ಕೇಳಿದ್ದೀಯ. ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ವಿಮೆಯ ಕಡತಗಳ ನಡುವೆಯೇ ತಲೆ ಬೆಳ್ಳಗಾದವನು ನಾನು. ಮರುವಿಮೆ ಎಂಬ ಕಸುಬಿನ ಮೇಲೆ ನನಗೆ ಗೌರವವಿದೆ. ಅದನ್ನು ಜೂಜು ಎಂದು ಜರೆಯುವವರ ಸಾಲಿಗೆ ನಾನು ಸೇರುವುದಿಲ್ಲ. ಹಾಕುವುದಾದರೆ ಏನಕ್ಕೆ ಹಾಕುತ್ತಿದ್ದೇನೆ ಎಂಬುದು ನಿನಗೆ ಸ್ಪಷ್ಟವಾಗಿರಲಿ, ಅಷ್ಟೇ ನನ್ನ ಕಾಳಜಿ.

ನಾವು ವಿಮಾ ಕಂಪನಿಯ ಹತ್ತಿರ ಮನೆಗೆ ವಿಮೆ ಮಾಡಿಸುತ್ತೇವೆ. ಒಂದೇ ರಾತ್ರಿಯಲ್ಲಿ ಸಾವಿರಾರು ಮನೆಗಳ ಚಾವಣಿ ಹಾರಿಹೋದರೆ ಆ ಕಂಪನಿ ಏನು ಮಾಡಬೇಕು? ಅದು ತನ್ನ ಹೊರೆಯಲ್ಲಿ ಒಂದು ಪಾಲನ್ನು ಪ್ರೀಮಿಯಂ ಕೊಟ್ಟು ಇನ್ನೊಬ್ಬರ ಹೆಗಲಿಗೆ ದಾಟಿಸಿರುತ್ತದೆ. ಆ ಇನ್ನೊಬ್ಬರೇ ಮರುವಿಮೆಯವರು. 1842ರಲ್ಲಿ ಹ್ಯಾಂಬರ್ಗ್ ನಗರ ಹೊತ್ತಿ ಉರಿದ ಮೇಲೆ ಜರ್ಮನಿಯಲ್ಲಿ ಕಲೋನ್ ರೀ ಹುಟ್ಟಿಕೊಂಡಿತು. 1861ರಲ್ಲಿ ಗ್ಲಾರುಸ್ ಪಟ್ಟಣ ಸುಟ್ಟ ಮೇಲೆ, 1863ರಲ್ಲಿ ಸ್ವಿಸ್ ರೀ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ನೀನಿರುವ ಫ್ಲೋರಿಡಾದ ದಕ್ಷಿಣ ಭಾಗವನ್ನು ನೆಲಸಮ ಮಾಡಿದಾಗ ಹನ್ನೊಂದು ವಿಮಾ ಕಂಪನಿಗಳು ಮುಳುಗಿದವು. ಈ ಹೊರೆ ಹೊರಲು ವಿಮೆಯವರ ಹಣವಷ್ಟೇ ಸಾಲದು, ಹೊರಗಿನ ಹೂಡಿಕೆದಾರರ ಹಣವೂ ಬೇಕು ಎಂಬ ಯೋಚನೆ ಗಟ್ಟಿಯಾದದ್ದು ಆಗ. ತೊಂಬತ್ತರ ದಶಕದ ನಡುವಿನಿಂದ ಕ್ಯಾಟ್ ಬಾಂಡ್ ಎಂಬ ವಿಪತ್ತು ಬಾಂಡುಗಳು ಬಂದವು. ವಿಪತ್ತು ಬಾರದಿದ್ದರೆ ಅಸಲಿನ ಜೊತೆ ಒಳ್ಳೆಯ ಬಡ್ಡಿ, ಬಂದರೆ ಅಸಲಿಗೇ ಕತ್ತರಿ. ಈಗ ನಿನ್ನ ಮುಂದಿರುವ ಟೋಕನ್ ಇದೇ ವಂಶದ ಕೂಸು. ಬ್ಲಾಕ್‌ಚೈನ್ ಎಂಬ ಹೆಸರು ಕೇಳಿ ಇದೇನೋ ಹೊಸ ಲೋಕದ ವಸ್ತು ಎಂದುಕೊಳ್ಳಬೇಡ.

ಕಂಪನಿಯ ಹೆಸರು ಆಕ್ಸ್‌ಬ್ರಿಜ್ ರೀ. ಅದರ ಜಾತಕ ನೋಡೋಣ. ಹುಟ್ಟಿದ್ದು 2013ರಲ್ಲಿ. 2014ರ ಮಾರ್ಚಿನಲ್ಲಿ ನ್ಯಾಸ್‌ಡ್ಯಾಕ್‌ಗೆ ಬಂತು. ಒಂದು ಶೇರು, ಜೊತೆಗೊಂದು ವಾರಂಟ್ (ಮುಂದೆ ನಿಗದಿತ ಬೆಲೆಗೆ ಶೇರು ಕೊಳ್ಳುವ ಹಕ್ಕು) ಸೇರಿಸಿ ಆರು ಡಾಲರಿಗೆ ಮಾರಿದರು. ಕೆಲಸ ಸರಳ: ಅಮೆರಿಕದ ಗಲ್ಫ್ ಕರಾವಳಿಯ, ಮುಖ್ಯವಾಗಿ ಫ್ಲೋರಿಡಾದ, ಮನೆ ವಿಮೆಯ ಕಂಪನಿಗಳಿಗೆ ಚಂಡಮಾರುತದ ಮರುವಿಮೆ ಕೊಡುವುದು. ಕೊಡುವ ಪ್ರತಿ ಒಪ್ಪಂದಕ್ಕೂ ಪೂರ್ತಿ ಮೊತ್ತವನ್ನು ಮೊದಲೇ ಟ್ರಸ್ಟ್ ಖಾತೆಯಲ್ಲಿ ಇಡುವುದು. ಮೂರು ತಿಂಗಳಿಗೊಮ್ಮೆ 12 ಸೆಂಟ್ ಡಿವಿಡೆಂಡ್ ಕೊಡುತ್ತಿತ್ತು. ವರ್ಷಕ್ಕೆ 48 ಸೆಂಟ್, ಆರು ಡಾಲರಿನ ಲೆಕ್ಕದಲ್ಲಿ ಶೇಕಡಾ 8. ಬ್ಯಾಂಕಿನಲ್ಲಿ ಬಡ್ಡಿಯೇ ಇಲ್ಲದ ಆ ಕಾಲದಲ್ಲಿ ಇದು ಎಂಥವರ ಕಣ್ಣನ್ನೂ ಸೆಳೆಯುವ ಆದಾಯ.

ಈಗ ಇನ್ನೊಂದು ಕ್ಯಾಲೆಂಡರು ತೆಗೆದು ಇದರ ಪಕ್ಕದಲ್ಲಿಡು. 2005ರ ಅಕ್ಟೋಬರಿನಲ್ಲಿ ವಿಲ್ಮಾ ಚಂಡಮಾರುತ ಫ್ಲೋರಿಡಾಕ್ಕೆ ಅಪ್ಪಳಿಸಿತು. ಅದಾದ ಮೇಲೆ 2016ರ ಸೆಪ್ಟೆಂಬರಿನಲ್ಲಿ ಹರ್ಮೀನ್ ಬರುವವರೆಗೆ, ಹತ್ತಿರಹತ್ತಿರ ಹನ್ನೊಂದು ವರ್ಷ, ಆ ರಾಜ್ಯದ ನೆಲಕ್ಕೆ ಒಂದೇ ಒಂದು ಹರಿಕೇನ್ ಕಾಲಿಡಲಿಲ್ಲ. ದಾಖಲೆಯಲ್ಲೇ ಅಷ್ಟು ದೀರ್ಘ ಬಿಡುವು ಇನ್ನೊಂದಿಲ್ಲ. ಕಂಪನಿ ಹುಟ್ಟಿದ್ದು ಆ ಬಿಡುವಿನ ನಡುವೆ. ಶೇರು ಮಾರಿದ್ದು ಆ ಬಿಡುವಿನಲ್ಲಿ. ಡಿವಿಡೆಂಡ್ ಕೊಟ್ಟಿದ್ದರ ಬಹುಭಾಗವೂ ಆ ಬಿಡುವಿನಲ್ಲೇ.

2017ರ ಸೆಪ್ಟೆಂಬರ್ 10ರಂದು ಇರ್ಮಾ ಬಂತು. ಒಂದು ವರ್ಷ ಒಂದು ತಿಂಗಳಿಗೆ, 2018ರ ಅಕ್ಟೋಬರ್ 10ರಂದು, ಐದನೇ ದರ್ಜೆಯ ಮೈಕೆಲ್ ಮೆಕ್ಸಿಕೋ ಬೀಚ್ ಎಂಬ ಊರನ್ನು ಒರೆಸಿಹಾಕಿತು. ಆಕ್ಸ್‌ಬ್ರಿಜ್‌ನ ಬಂಡವಾಳದ ಬಹುಪಾಲು ಕ್ಲೇಮುಗಳಿಗೆ ಹೋಯಿತು. ಡಿವಿಡೆಂಡ್ ನಿಂತಿತು. 2019ರ ಹೊತ್ತಿಗೆ ಶೇರು ಒಂದು ಡಾಲರಿನ ಆಸುಪಾಸಿನಲ್ಲಿತ್ತು. ಇದರಲ್ಲಿ ಯಾರ ಮೋಸವೂ ಇರಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಒಪ್ಪಂದದಲ್ಲಿ ಬರೆದಂತೆ ಮನೆ ಕಳೆದುಕೊಂಡವರ ಕ್ಲೇಮಿಗೆ ಹಣ ಹೋಯಿತು. ಕಂಪನಿ ತನ್ನ ಕೆಲಸ ಮಾಡಿತು. ಆದರೆ 2016ರಲ್ಲಿ ಹಿಂದಿನ ಮೂರು ವರ್ಷದ ಲೆಕ್ಕಪತ್ರ ಓದಿ, ಆಡಳಿತ ಜಾಣತನದ್ದು, ಲಾಭ ಸ್ಥಿರವಾಗಿದೆ ಎಂದು ತೀರ್ಮಾನಿಸಿ ಶೇರು ಕೊಂಡವರಿಗೆ ಕಾಣದೆ ಹೋದದ್ದು ಒಂದಿದೆ. ಬೇರೆ ವ್ಯಾಪಾರಗಳಲ್ಲಿ ಮೂರು ವರ್ಷದ ಲಾಭ ನೋಡಿದರೆ ಆ ವ್ಯಾಪಾರದ ಸ್ವಭಾವ ತಕ್ಕಮಟ್ಟಿಗೆ ತಿಳಿಯುತ್ತದೆ. ವಿಪತ್ತಿನ ಮರುವಿಮೆಯಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಗಾಳಿ ಬೀಸಲಿಲ್ಲ ಎಂಬುದಷ್ಟೇ ತಿಳಿಯುತ್ತದೆ.

ಟೋಕನ್‌ನದ್ದೂ ಅದೇ ಕಥೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಕ್ಸ್‌ಬ್ರಿಜ್ ತನ್ನ ಸುರಾನ್ಸ್‌ಪ್ಲಸ್ ಎಂಬ ಅಂಗಸಂಸ್ಥೆಯ ಮೂಲಕ 2023ರಲ್ಲಿ ಡೆಲ್ಟಾಕ್ಯಾಟ್ ರೀ ಎಂಬ ಟೋಕನ್ ಹೊರತಂದಿತು. ಅವಲಾಂಚ್ ಬ್ಲಾಕ್‌ಚೈನ್ ಮೇಲೆ, ತಲಾ ಹತ್ತು ಡಾಲರಿಗೆ. ಮೊದಲೆಲ್ಲ ಇಂಥ ಹೂಡಿಕೆಗೆ ದೊಡ್ಡ ಪಿಂಚಣಿ ನಿಧಿಗಳಿಗೂ ಕೋಟ್ಯಧೀಶರಿಗೂ ಮಾತ್ರ ಬಾಗಿಲು ತೆರೆಯುತ್ತಿತ್ತು. ಕೆಲವು ಸಾವಿರ ಡಾಲರ್ ಮಾತ್ರ ಹಾಕುವವರಿಗೂ ಅದನ್ನು ತೆರೆದದ್ದು ಈ ಟೋಕನ್‌ನ ನಿಜವಾದ ಕೊಡುಗೆ, ಅದನ್ನು ನಾನು ಕಡೆಗಣಿಸುವುದಿಲ್ಲ. ನಿರೀಕ್ಷಿತ ಆದಾಯ ಶೇಕಡಾ 42 ಎಂದಿದ್ದರು, ಕೊನೆಗೆ ಸುಮಾರು 49 ಬಂತು ಎಂದು ಪ್ರಕಟಿಸಿದರು. 2025ರಲ್ಲಿ ಎರಡು ಬಗೆ ತಂದರು: ಶೇಕಡಾ 20ರ ಗುರಿಯದೊಂದು, 42ರ ಗುರಿಯದೊಂದು. ನೀನು ಕಳಿಸಿದ ಪತ್ರದಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಈ 42.

2023ರಲ್ಲಿ 49 ಬಂದದ್ದು ಹೇಗೆ? ಆ ಆಗಸ್ಟ್ 30ರಂದು ಇಡೇಲಿಯಾ ಎಂಬ ಮೂರನೇ ದರ್ಜೆಯ ಚಂಡಮಾರುತ ಫ್ಲೋರಿಡಾಕ್ಕೆ ಬಂದೇ ಬಂತು. ಆದರೆ ಬಂದದ್ದು ಕೀಟನ್ ಬೀಚ್ ಹತ್ತಿರ, ಬಿಗ್ ಬೆಂಡ್ ಎಂದು ಕರೆಯುವ, ಮನೆಗಳು ವಿರಳವಾಗಿರುವ ಕರಾವಳಿಗೆ. ನಿನ್ನ ಟ್ಯಾಂಪಾದ ಪಕ್ಕದ ಸಮುದ್ರದಲ್ಲೇ ಹಾದು ಉತ್ತರಕ್ಕೆ ಹೋಗಿತ್ತು. ಅದು ಮೊದಲೇ ಬಲಕ್ಕೆ ತಿರುಗಿದ್ದರೆ ಆ ವರ್ಷದ ಲೆಕ್ಕವೇ ಬೇರೆ. ಆದ್ದರಿಂದ ಆ 49ನ್ನು ಯಾರ ಜಾಣ್ಮೆಗೂ ಪೂರ್ತಿ ಜಮೆ ಮಾಡಬೇಡ.

ಶೇಕಡಾ 42 ಎಂಬುದನ್ನು ಬಡ್ಡಿಯಂತೆ ಓದಬಾರದು. ಅದು ಬೆಲೆ. ನಿನ್ನ ಹಣ ಪೂರ್ತಿ ಹೋಗುವ ಸಾಧ್ಯತೆಗೆ ಮಾರುಕಟ್ಟೆ ಕಟ್ಟಿದ ಬೆಲೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕು. ಪ್ರತಿವರ್ಷ ನೂರು ಡಾಲರ್ ಹಾಕುತ್ತೀಯ, ಲಾಭ ಬೇರೆ ತೆಗೆದಿಡುತ್ತೀಯ ಎಂದುಕೊ. ಐದು ವರ್ಷದಲ್ಲಿ ಒಂದು ವರ್ಷ ಪೂರ್ತಿ ಹೋಯಿತು ಎಂದರೆ, ಉಳಿದ ನಾಲ್ಕರಲ್ಲಿ 168 ಡಾಲರ್ ಲಾಭ, ಒಂದರಲ್ಲಿ 100 ನಷ್ಟ. ಕೈಗುಳಿದದ್ದು 68. ವರ್ಷಕ್ಕೆ ಸರಾಸರಿ ಶೇಕಡಾ 13ರ ಮೇಲೆ, ಚೆನ್ನಾಗಿಯೇ ಇದೆ. ಐದರಲ್ಲಿ ಎರಡು ವರ್ಷ ಹೋಯಿತು ಎಂದರೆ 126 ಲಾಭ, 200 ನಷ್ಟ. 74 ಡಾಲರ್ ಕೈಬಿಟ್ಟಿತು. ಅಂದರೆ ಇಡೀ ಪ್ರಶ್ನೆ ನಿಂತಿರುವುದು ಐದರಲ್ಲಿ ಒಂದೋ, ಐದರಲ್ಲಿ ಎರಡೋ ಎಂಬುದರ ಮೇಲೆ. ಅದನ್ನು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಕಂಪ್ಯೂಟರ್ ಮಾದರಿಗಳು ಅಂದಾಜು ಕೊಡುತ್ತವೆ, ಅಷ್ಟೇ. 20ರ ಟೋಕನ್‌ನಲ್ಲಿ ಐದು ವರ್ಷ ಗಳಿಸಿದ್ದು ಆರನೇ ವರ್ಷದ ಒಂದು ಬಿರುಗಾಳಿಗೆ ಸರಿಹೋಗುತ್ತದೆ. ಬಂದ ಲಾಭವನ್ನೆಲ್ಲ ಮತ್ತೆ ಅದರಲ್ಲೇ ಹಾಕುತ್ತ ಹೋದವನಿಗಂತೂ ಎಷ್ಟು ವರ್ಷ ಗೆದ್ದ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಒಮ್ಮೆ ಸೋತರೆ ಸೊನ್ನೆ.

ಪೂರ್ತಿ ಹೋಗುತ್ತದೆ ಎಂದು ಯಾಕೆ ಹೇಳುತ್ತಿದ್ದೇನೆ? ಮರುವಿಮೆಯನ್ನು ಪದರಗಳಾಗಿ ಮಾರುತ್ತಾರೆ. ಉದಾಹರಣೆಗೆ, ಮೊದಲ ಐದು ಕೋಟಿ ಡಾಲರ್ ನಷ್ಟ ಬೇರೆಯವರದ್ದು, ಐದರಿಂದ ಆರು ಕೋಟಿಯವರೆಗಿನ ಪದರ ನಮ್ಮದು ಎಂದಿಟ್ಟುಕೊ. ನಷ್ಟ ನಾಲ್ಕೂ ಮುಕ್ಕಾಲು ಕೋಟಿಯಾದರೆ ನಮಗೇನೂ ಇಲ್ಲ. ಆರು ದಾಟಿದರೆ ನಮ್ಮದು ಒಂದು ಪೈಸೆಯೂ ಉಳಿಯುವುದಿಲ್ಲ. ಪದರ ತೆಳುವಾದಷ್ಟೂ ಎಲ್ಲ ಅಥವಾ ಏನೂ ಇಲ್ಲ. ನಿನ್ನ ಟೋಕನ್ ಎಷ್ಟು ನಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯುವ ಪದರದಲ್ಲಿದೆ, ಎಷ್ಟು ವಿಮಾ ಕಂಪನಿಗಳ ಒಪ್ಪಂದ ಅದರೊಳಗಿದೆ ಎಂದು ಕೇಳು. ಉತ್ತರ ಕೊಡದವರಿಗೆ ಹಣ ಕೊಡಬೇಡ.

ಇಲ್ಲಿ ಕಂಪನಿಯ ಗಾತ್ರದ ಪ್ರಶ್ನೆ ಬರುತ್ತದೆ. ಮ್ಯೂನಿಕ್ ರೀ, ಸ್ವಿಸ್ ರೀ ಅಂಥವು ಜಪಾನಿನ ಭೂಕಂಪ, ಯುರೋಪಿನ ಪ್ರವಾಹ, ವಿಮಾನ, ಹಡಗು, ಜೀವವಿಮೆ ಎಲ್ಲವನ್ನೂ ಹೊತ್ತಿರುತ್ತವೆ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಒಂದೇ ಗುಡ್ಡದ ಬುಡದಲ್ಲಿ ಅಡಿಕೆ ತೋಟ ಇರುವವನಿಗೆ ಕೊಳೆರೋಗ ಬಂದ ವರ್ಷ ಇಡೀ ವರ್ಷವೇ ಹೋಗುತ್ತದೆ. ಬಯಲುಸೀಮೆಯಲ್ಲೂ ಎರಡೆಕರೆ ಇಟ್ಟವನು ಉಸಿರಾಡುತ್ತಾನೆ. ಆಕ್ಸ್‌ಬ್ರಿಜ್‌ಗೆ ಇರುವುದು ಒಂದೇ ಗುಡ್ಡ. ವರ್ಷಕ್ಕೆ ಕೆಲವೇ ಒಪ್ಪಂದ, ಕೆಲವೇ ಮಿಲಿಯನ್ ಡಾಲರ್ ಪ್ರೀಮಿಯಂ.

ಸಣ್ಣ ಕಂಪನಿಗೆ ಇನ್ನೊಂದು ಪೆಟ್ಟೂ ಇದೆ, ಹೊರಗಿನವರಿಗೆ ಅದು ಸುಲಭಕ್ಕೆ ಕಾಣುವುದಿಲ್ಲ. ಮರುವಿಮೆಯಲ್ಲಿ ಒಳ್ಳೆಯ ಕಾಲ ಬರುವುದು ದೊಡ್ಡ ವಿಪತ್ತಿನ ಮರುವರ್ಷ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಬಂದು ಹೋದ ಮೇಲೆ 2023ರಲ್ಲಿ ಫ್ಲೋರಿಡಾದ ಮರುವಿಮೆ ದರ ಜಿಗಿಯಿತು. ಬಂಡವಾಳ ಉಳಿಸಿಕೊಂಡಿದ್ದ ದೊಡ್ಡವರು ಆ ದರದಲ್ಲಿ ಮನಸಾರೆ ವ್ಯಾಪಾರ ಮಾಡಿ ಹಳೆಯ ನಷ್ಟ ತುಂಬಿಕೊಂಡರು. ಬಿರುಗಾಳಿಯಲ್ಲಿ ಬಂಡವಾಳವೇ ಕರಗಿಹೋದ ಸಣ್ಣವನಿಗೆ ದರ ಏರಿದಾಗ ಮಾರಲು ಸರಕೇ ಇರುವುದಿಲ್ಲ. ಇರ್ಮಾ, ಮೈಕೆಲ್ ಆದ ಮೇಲೆ ಆಕ್ಸ್‌ಬ್ರಿಜ್‌ಗೆ ಆದದ್ದು ಇದೇ. ಟೋಕನ್‌ನ ಯೋಚನೆ ಬಂದದ್ದೂ ಆ ಕೊರತೆಯಿಂದಲೇ ಎಂದು ನನ್ನ ಊಹೆ. ತನ್ನ ಬಂಡವಾಳ ಸಾಲದಾದಾಗ ಹೊರಗಿನವರ ಬಂಡವಾಳ ತಂದು, ಅದರ ಮೇಲೆ ಶುಲ್ಕ ಪಡೆಯುವುದು ತಪ್ಪು ದಾರಿಯೇನಲ್ಲ.

ಹಾಗಾದರೆ ಶೇರೋ ಟೋಕನ್ನೋ? ಎರಡೂ ಒಂದೇ ಕಂಪನಿಯ ಹೆಸರಿನಲ್ಲಿದ್ದರೂ ಬೇರೆಬೇರೆ ವಸ್ತು. ಟೋಕನ್ ಕೊಂಡವಳು ಒಂದು ವರ್ಷದ ಗಾಳಿಯ ಮೇಲೆ ಹಣ ಹಾಕಿದಂತೆ. ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ ಒಪ್ಪಂದ, ಆಮೇಲೆ ಲೆಕ್ಕ. ಶೇರು ಕೊಂಡವಳು ಆ ಗಾಳಿಯ ಜೊತೆಗೆ ಕಂಪನಿಯ ಖರ್ಚನ್ನೂ ಹೊರುತ್ತಾಳೆ. ಲಿಸ್ಟಿಂಗ್, ಆಡಿಟ್, ವಕೀಲರು, ನಿರ್ದೇಶಕರು ಇವರಿಗೆ ಕೊಡುವುದು ಕಂಪನಿ ಸಣ್ಣದೆಂದು ಕಡಿಮೆಯಾಗುವುದಿಲ್ಲ. ಹಣ ಸಾಲದೆ ಬಂದಾಗ ಹೊಸ ಶೇರು ಮಾರಿದರೆ ನಿನ್ನ ಪಾಲು ತೆಳುವಾಗುತ್ತದೆ. ಜೊತೆಗೆ, ಬ್ಲಾಕ್‌ಚೈನ್ ಎಂಬ ಮಾತು ಪೇಟೆಯಲ್ಲಿ ಬಿಸಿಯಾದಾಗ ಶೇರು ಏರುತ್ತದೆ, ತಣ್ಣಗಾದಾಗ ಇಳಿಯುತ್ತದೆ. ಅದಕ್ಕೂ ಫ್ಲೋರಿಡಾದ ಗಾಳಿಗೂ ಸಂಬಂಧವಿಲ್ಲ. ಶೇರನ್ನು ಬೇಕೆಂದಾಗ ಮಾರಬಹುದು, ಟೋಕನ್ ಮಾರಲು ಅಂಥ ಪೇಟೆ ಇಲ್ಲ, ಇದೊಂದು ವ್ಯತ್ಯಾಸ. ನನ್ನ ಅಭಿಪ್ರಾಯ ಕೇಳಿದರೆ, ಏನು ಹೊರುತ್ತಿದ್ದೇನೆ ಎಂದು ತಿಳಿದು ಹೊರುವುದಕ್ಕೆ ಟೋಕನ್ನೇ ಹೆಚ್ಚು ಪ್ರಾಮಾಣಿಕವಾದ ವಸ್ತು.

ಹಾಗೆಂದು ಬ್ಲಾಕ್‌ಚೈನ್ ಇದೆ, ಆದ್ದರಿಂದ ಭದ್ರ ಎಂದು ನಂಬಬೇಡ. ವೆಸ್ಟೂ ಎಂಬ ಇಸ್ರೇಲಿನ ಕಂಪನಿಯ ಕಥೆ ಓದು. ವಿಮೆಯ ಹೊರೆಯನ್ನು ತಂತ್ರಜ್ಞಾನದ ಮೂಲಕ ಹೂಡಿಕೆದಾರರಿಗೆ ದಾಟಿಸುವುದೇ ಅವರ ವ್ಯವಹಾರವಾಗಿತ್ತು. 2022ರಲ್ಲಿ ಅದಕ್ಕೆ ನೂರು ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2023ರ ಜುಲೈನಲ್ಲಿ, ಒಪ್ಪಂದಗಳಿಗೆ ಜಾಮೀನಾಗಿ ಇಟ್ಟಿದ್ದ ಬ್ಯಾಂಕ್ ಖಾತರಿ ಪತ್ರಗಳು ನಕಲಿ ಎಂದು ಬಯಲಾಯಿತು. ಚೀನಾದ ದೊಡ್ಡ ಬ್ಯಾಂಕೊಂದರ ಹೆಸರಿನಲ್ಲಿದ್ದವು ಅವು. ಆಗಸ್ಟಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಟೋಕನ್ ಯಾರ ಹೆಸರಿನಲ್ಲಿದೆ, ಯಾವಾಗ ಕೈ ಬದಲಾಯಿತು ಎಂಬುದನ್ನು ಬ್ಲಾಕ್‌ಚೈನ್ ಅಳಿಸಲಾಗದಂತೆ ಬರೆದಿಡುತ್ತದೆ. ಜಾಮೀನು ಹಣ ನಿಜವಾಗಿ ಟ್ರಸ್ಟ್ ಖಾತೆಯಲ್ಲಿ ಇದೆಯೇ ಎಂದು ಅದು ನೋಡಲಾರದು, ಅದನ್ನು ಮನುಷ್ಯರೇ ಹೋಗಿ ನೋಡಬೇಕು. ಟ್ರಸ್ಟಿ ಯಾವ ಬ್ಯಾಂಕು, ಹಣ ಸರ್ಕಾರಿ ಖಜಾನೆ ಬಿಲ್ಲಿನಲ್ಲಿದೆಯೋ ಬೇರೆಲ್ಲೋ, ಅದನ್ನು ಪರಿಶೀಲಿಸಿ ಸಹಿ ಹಾಕುವವರು ಯಾರು? ಇದನ್ನು ಕೇಳಲು ಸಂಕೋಚಪಡಬೇಡ. 2008ರಲ್ಲಿ ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕ್ ಮುಳುಗಿದಾಗ ನಾಲ್ಕು ವಿಪತ್ತು ಬಾಂಡುಗಳಿಗೆ ಯಾವ ಬಿರುಗಾಳಿಯೂ ಬೀಸದೆ ಪೆಟ್ಟು ಬಿತ್ತು. ಕಾರಣ ಜಾಮೀನು ಹಣ ಇಟ್ಟ ರೀತಿ.

ವರ್ಷ ಮುಗಿದೊಡನೆ ಹಣ ಕೈಗೆ ಬರುತ್ತದೆ ಎಂದೂ ಎಣಿಸಬೇಡ. ಇರ್ಮಾ ಕಾಲದಲ್ಲಿ ಫ್ಲೋರಿಡಾದ ಕಾನೂನು ಕ್ಲೇಮು ಹಾಕಲು ಮೂರು ವರ್ಷ ಅವಕಾಶ ಕೊಟ್ಟಿತ್ತು. ಚಾವಣಿ ಗುತ್ತಿಗೆದಾರರು, ವಕೀಲರು ಸೇರಿ 2020ರವರೆಗೂ ಹೊಸ ಕ್ಲೇಮು ತರುತ್ತಲೇ ಇದ್ದರು. ಮೊದಲು ಚಿಕ್ಕದಾಗಿ ಕಂಡ ನಷ್ಟ ವರ್ಷವರ್ಷ ಬೆಳೆಯಿತು, ಹೂಡಿಕೆದಾರರ ಹಣ ಟ್ರಸ್ಟಿನಲ್ಲೇ ಸಿಕ್ಕಿಕೊಂಡಿತು. 2022ರ ಕೊನೆಗೆ ಕಾನೂನು ಬಿಗಿಯಾಗಿ ಆ ಅವಧಿ ಒಂದು ವರ್ಷಕ್ಕೆ ಇಳಿದಿದೆ. ಪರಿಸ್ಥಿತಿ ಸುಧಾರಿಸಿದೆ ನಿಜ. ಆದರೂ ಮುಂದಿನ ವರ್ಷದ ಕಾಲೇಜು ಶುಲ್ಕಕ್ಕೋ ಮನೆ ಕಂತಿಗೋ ಎಂದು ಇಟ್ಟ ಹಣವನ್ನು ಇದರಲ್ಲಿ ಹಾಕಬಾರದು.

ಇಷ್ಟೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ. ನೀನಿರುವುದೇ ಟ್ಯಾಂಪಾದಲ್ಲಿ. ನಿನ್ನ ಮನೆ ಅಲ್ಲಿ, ನಿಮ್ಮಿಬ್ಬರ ಕೆಲಸ ಅಲ್ಲಿ, ನಿನ್ನ ಮನೆಗೆ ವಿಮೆ ಕೊಟ್ಟ ಕಂಪನಿಯೂ ಫ್ಲೋರಿಡಾದ್ದೇ. ಅಲ್ಲಿನ ಮನೆ ವಿಮೆ ಕಂಪನಿಗಳು ಈಚಿನ ವರ್ಷಗಳಲ್ಲಿ ಒಂದರ ಹಿಂದೊಂದು ಮುಳುಗಿದ್ದನ್ನು ನೀನೇ ಕಂಡಿದ್ದೀಯ. 2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಚಂಡಮಾರುತ ನೇರ ಟ್ಯಾಂಪಾಕ್ಕೇ ಬರುತ್ತದೆ ಎಂದಿದ್ದರು. ಕೊನೆಗೆ ಸ್ವಲ್ಪ ದಕ್ಷಿಣಕ್ಕೆ, ಸರಸೋಟಾ ಪಕ್ಕದ ಸಿಯೆಸ್ಟಾ ಕೀಗೆ ಹೋಯಿತು. ಅಂಥ ಒಂದು ರಾತ್ರಿ ನಿನ್ನ ಚಾವಣಿಗೂ ಪೆಟ್ಟು, ಕೆಲಸಕ್ಕೂ ಅಡ್ಡಿ, ಮರುವರ್ಷದ ಪ್ರೀಮಿಯಂಗೂ ಏರಿಕೆ. ಕೈಯಲ್ಲಿ ನಗದು ಬೇಕಾಗುವುದು ಆಗಲೇ. ಆ ಹೊತ್ತಿಗೇ ಟೋಕನ್‌ನ ಹಣವೂ ಹೋಗಬೇಕೇ? ಇದೇ ಟೋಕನ್ನನ್ನು ಚಿಕಾಗೋದಲ್ಲಿ ಇರುವವರು ಸ್ವಲ್ಪ ಕೊಂಡರೆ ಅರ್ಥವಿದೆ. ಪೇಟೆ ಬಿದ್ದರೂ ಎದ್ದರೂ ಗಾಳಿಗೆ ಅದರ ಹಂಗಿಲ್ಲ, ಆದ್ದರಿಂದ ಅವರ ಉಳಿದ ಹೂಡಿಕೆಗೆ ಇದು ಒಳ್ಳೆಯ ಜೊತೆ. ನಿನಗೆ ಮಾತ್ರ ಇರುವ ಅಪಾಯವನ್ನೇ ಇನ್ನೊಮ್ಮೆ ಕೊಂಡಂತಾಗುತ್ತದೆ. ವಿಪತ್ತಿನ ಹೂಡಿಕೆಯೇ ಬೇಕೆಂದಿದ್ದರೆ ಬೇರೆಬೇರೆ ದೇಶಗಳ ವಿಪತ್ತುಗಳನ್ನು ಹಂಚಿಕೊಂಡಿರುವ ಕ್ಯಾಟ್ ಬಾಂಡ್ ನಿಧಿ ನೋಡು. ಫ್ಲೋರಿಡಾದ ಪಾಲು ಅದರಲ್ಲೂ ದೊಡ್ಡದೇ, ಆದರೆ ಅದೊಂದೇ ಅಲ್ಲ.

ಅಮೆರಿಕದಲ್ಲಿರುವವರಿಗೆ ಈ ಟೋಕನ್ ಕೊಳ್ಳಲು ಅರ್ಹ ಹೂಡಿಕೆದಾರರಾಗಿರಬೇಕು ಎಂಬ ಷರತ್ತಿದೆ. ದಂಪತಿಯ ವರಮಾನ ಮೂರು ಲಕ್ಷ ಡಾಲರ್ ದಾಟಿರಬೇಕು, ಇಲ್ಲವೇ ವಾಸದ ಮನೆ ಬಿಟ್ಟು ಹತ್ತು ಲಕ್ಷ ಡಾಲರ್ ಮೀರಿದ ನಿವ್ವಳ ಆಸ್ತಿ ಇರಬೇಕು. ಕಳೆದುಕೊಂಡರೂ ತಡೆದುಕೊಳ್ಳುವ ಶಕ್ತಿ ಇದೆಯೇ ಎಂದು ಸರ್ಕಾರ ಇಟ್ಟ ಅಳತೆ ಅದು. ಅದರಲ್ಲಿ ಪಾಸಾದದ್ದನ್ನೇ ಸಮ್ಮತಿ ಎಂದು ತಿಳಿಯಬೇಡ. ಶೇರಿನ ವಿಷಯದಲ್ಲಿ ನಿನ್ನ ತೆರಿಗೆ ಸಲಹೆಗಾರರಿಗೆ ಒಂದೇ ಪ್ರಶ್ನೆ ಹಾಕು: ಕೇಮನ್ ಕಂಪನಿಯಾದ್ದರಿಂದ ಇದು ಪಿಎಫ್‌ಐಸಿ, ಅಂದರೆ ಅಮೆರಿಕದ ತೆರಿಗೆ ಕಾನೂನು ಹೇಳುವ ನಿಷ್ಕ್ರಿಯ ವಿದೇಶಿ ಹೂಡಿಕೆ ಕಂಪನಿ, ಆಗುತ್ತದೆಯೇ? ಹೌದಾದರೆ ತೆರಿಗೆಯ ಲೆಕ್ಕ ತೊಡಕಿನದು.

ನಿನ್ನ ತಮ್ಮ ಬೆಂಗಳೂರಿನಿಂದ ತಾನೂ ಕೈಹಾಕುತ್ತೇನೆ ಎನ್ನುತ್ತಿದ್ದಾನಂತೆ. ಕ್ರಿಪ್ಟೋ ತಂತ್ರದಿಂದ ಹುಟ್ಟಿದ ಟೋಕನ್‌ಗಳ ಲಾಭಕ್ಕೆ ಇಲ್ಲಿ 2022ರ ಏಪ್ರಿಲ್‌ನಿಂದ ಶೇಕಡಾ 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಈ ಟೋಕನ್ ಆ ವ್ಯಾಖ್ಯೆಗೆ ಬರುತ್ತದೆ ಎಂದು ಆಡಿಟರ್ ಹೇಳಿದರೆ ನಾನು ಮೇಲೆ ಹಾಕಿದ ಐದು ವರ್ಷದ ಲೆಕ್ಕ ಅವನ ಪಾಲಿಗೆ ತಲೆಕೆಳಗಾಗುತ್ತದೆ. ಗೆದ್ದ ನಾಲ್ಕು ವರ್ಷದ 168ರಲ್ಲಿ 50 ತೆರಿಗೆಗೆ ಹೋಗಿ, ಸೋತ ನೂರು ಪೂರ್ತಿ ಅವನ ತಲೆಯ ಮೇಲೆ ಕೂರುತ್ತದೆ. ಉಳಿಯುವುದು 18. ಅಷ್ಟಕ್ಕೆ ಇಷ್ಟು ಅಪಾಯ ಬೇಡ ಎಂದು ಅವನಿಗೆ ಹೇಳು.

ಇನ್ನೊಂದು ಮಾತು, ಮನಸ್ಸಿನದು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಜಮೈಕಾಕ್ಕೆ ಅಪ್ಪಳಿಸಿತಲ್ಲ, ಆ ದೇಶಕ್ಕಾಗಿ ವಿಶ್ವಬ್ಯಾಂಕ್ ಹೊರಡಿಸಿದ್ದ 15 ಕೋಟಿ ಡಾಲರಿನ ವಿಪತ್ತು ಬಾಂಡು ಪೂರ್ತಿ ಪಾವತಿಯಾಯಿತು. ಹೂಡಿದವರು ಅಷ್ಟನ್ನೂ ಕಳೆದುಕೊಂಡರು. ಜಮೈಕಾಕ್ಕೆ ಆ ಹಣ ಸಾಲವಾಗಿ ಬರಲಿಲ್ಲ, ಹಕ್ಕಿನಿಂದ ಬಂತು. ನನ್ನ ಕಸುಬಿನ ಬಗ್ಗೆ ನನಗೆ ಹೆಮ್ಮೆ ಎನಿಸಿದ ದಿನಗಳಲ್ಲಿ ಅದೊಂದು. ನಿನ್ನ ಹಣ ಹೋದ ದಿನ ಅದು ಯಾರದೋ ಮನೆಯ ಚಾವಣಿಯಾಗಿದೆ ಎಂದು ಸಮಾಧಾನದಿಂದ ಒಪ್ಪಲು ಸಾಧ್ಯವೇ ಎಂದು ನಿನ್ನನ್ನೇ ಕೇಳಿಕೊ. ಒಪ್ಪಲಾರದವರು ಈ ಕಡೆ ಬರಬಾರದು. ಅವರು ಬೆಲೆಯನ್ನು ಪಡೆಯಲು ಬರುತ್ತಾರೆ, ಹೊರೆ ಹೊರಲು ಬರುವುದಿಲ್ಲ.

ಇಷ್ಟಾದ ಮೇಲೂ ನಿನಗೆ ಮನಸ್ಸಿದ್ದರೆ ಅಡ್ಡಿ ಬರುವುದಿಲ್ಲ. ಒಟ್ಟು ಉಳಿತಾಯದಲ್ಲಿ ನೂರಕ್ಕೆ ಒಂದು ಪಾಲು ಮೀರಬೇಡ. ಲಾಭ ಬಂದರೆ ಮರುವರ್ಷ ಅಸಲನ್ನಷ್ಟೇ ಮತ್ತೆ ಹಾಕು, ಲಾಭವನ್ನು ಬೇರೆ ಕಡೆ ಇಡು. ದರ ನೋಡಿ ಹೋಗು: 2025ರ ಜೂನ್ ನವೀಕರಣದಲ್ಲಿ ಫ್ಲೋರಿಡಾದ ಮರುವಿಮೆ ದರ ಇಳಿಮುಖವಾಗಿತ್ತು. ದರ ಇಳಿದರೂ ಆದಾಯದ ಗುರಿ ಅದೇ 42 ಎಂದಿದ್ದರೆ, ಪದರ ಕೆಳಗಿಳಿದಿದೆಯೇ, ಅಂದರೆ ಸಣ್ಣ ಗಾಳಿಗೂ ಹಣ ಹೋಗುವಂತಿದೆಯೇ ಎಂದು ಕೇಳಲೇಬೇಕು. ಪದರ ಯಾವುದು, ಒಪ್ಪಂದಗಳೆಷ್ಟು, ಟ್ರಸ್ಟಿ ಯಾರು, ಹಣ ವಾಪಸು ಯಾವಾಗ, ಇಷ್ಟನ್ನು ಬರೆದು ಕಳಿಸು. ಮೇ ಮೂರನೇ ವಾರದೊಳಗೆ ಲಿಖಿತ ಉತ್ತರ ಬಂದರೆ ನನಗೂ ಕಳಿಸು, ಇಬ್ಬರೂ ಕೂತು ಓದೋಣ. ಬಾರದಿದ್ದರೆ ಈ ವರ್ಷ ಬಿಡು, ಆ ಹಣದಲ್ಲಿ ನಿನ್ನ ಮನೆಯ ಕಿಟಕಿಗಳಿಗೆ ಬಿರುಗಾಳಿ ತಡೆಯುವ ಬಾಗಿಲು ಹಾಕಿಸು. ವಿಮೆಯ ಪ್ರೀಮಿಯಂನಲ್ಲಿ ಅದಕ್ಕೆ ರಿಯಾಯಿತಿಯೂ ಸಿಗುತ್ತದೆ.